ಮೆಟ್ಟಿಲ ಕೆಳಗೆ

ಹೊಸಪೇಟೆ ರಸ್ತೆಯ ನರ್ಸರಿಯಿಂದ ಹಂಪಮ್ಮ
ನೂರಿಪ್ಪತ್ತು ಕೊಟ್ಟು ತಂದ ಮನಿ ಪ್ಲಾಂಟು.
ಎಲೆಎಲೆಗೂ ಬಿಳಿ,
ಸುಣ್ಣ ಬಳಿಯುವವ ಊಟಕ್ಕೇಳುವಾಗ
ಕೈ ಒರೆಸಿ ಹೋದ ಹಾಗೆ.
ಬರೀ ಹಸಿರಿನದು ಮೂವತ್ತಕ್ಕೇ ಇತ್ತಂತೆ.
ಉಳಿದ ತೊಂಬತ್ತು ಆ ಬಿಳುಪಿಗೆ.

ಬಳ್ಳಾರಿಯ ಬಿಸಿಲಿಗೆ ಹೆದರಿ
ಮೆಟ್ಟಿಲ ಕೆಳಗೆ, ನೀರಿನ ಡ್ರಮ್ಮಿನ ಪಕ್ಕ ಇಟ್ಟಳು.
ಆಗ ಅಲ್ಲಿ ಅರ್ಧ ನೆರಳು.
ಪಕ್ಕದ ಫಕ್ರುದ್ದೀನ್ ಸಾಬರು
ಮೂರನೇ ಅಂತಸ್ತು ಎಬ್ಬಿಸಿದ ಮೇಲೆ
ಪೂರಾ.

ಯುಗಾದಿಗೆ ಬಿಚ್ಚಿದ ಎಲೆಯಲ್ಲಿ ಒಂದೇ ಗೀರು.
ಕಾರಹುಣ್ಣಿಮೆಯದರಲ್ಲಿ ಎರಡು ಚುಕ್ಕೆ,
ಚಟ್ನಿ ಸಿಡಿದಷ್ಟು.
ಆಮೇಲಿನದು ಹಸಿರು. ಅದರಾಚೆಯದೂ ಹಸಿರು.
ದೊಡ್ಡ ದೊಡ್ಡ ಎಲೆ, ದಪ್ಪ ಕಾಂಡ,
ಡ್ರಮ್ಮು ದಾಟಿ ಮೀಟರ್ ಪೆಟ್ಟಿಗೆಗೆ ಕೈ ಹಾಕಿತು.
"ಬಣ್ಣ ಹಚ್ಚಿ ಮಾರ್ಯಾನ ನೋಡ್ರಿ ಆ ನರ್ಸರಿಯವ,
ತೊಳೆದು ಹೋಗೈತೆ" ಅಂದಳು.

ನನಗೆ ನಗು ಬಂತು.
ಬಣ್ಣ ತೊಳೆಯುವುದೇ ನನ್ನ ಕಸುಬು.
ಹದಿನಾರು ವರ್ಷ, ವಾಷಿಂಗ್ ಯೂನಿಟ್ಟಿನಲ್ಲಿ,
ಹೊಸ ಜೀನ್ಸಿನ ತೊಡೆಗೆ ನೇರಳೆ ನೀರು ಸಿಡಿಸಿ
ಹಳೆಯದು ಮಾಡುತ್ತೇನೆ.
ಎಲ್ಲಿ ಕೂತರೆ ಸವೆಯುತ್ತದೆ,
ಮಂಡಿ ಮಡಿಸಿದರೆ ಎಲ್ಲಿ ಗೆರೆ ಬೀಳುತ್ತದೆ,
ಯಾರೂ ಇನ್ನೂ ತೊಡದ ಪ್ಯಾಂಟಿಗೆ
ಮೊದಲೇ ಬರೆದಿಡುತ್ತೇನೆ.
ಒಮ್ಮೆ ಬೆಳ್ಳಗಾದದ್ದು ತಿರುಗಿ ನೀಲಿಗೆ ಬಂದದ್ದು ಕಂಡಿಲ್ಲ.
ಕೈ ತಪ್ಪಿದ ದಿನ ಪಗಾರದಲ್ಲಿ ಮುರಿದುಕೊಂಡದ್ದು
ಕಂಡಿದ್ದೇನೆ.

ಭಾನುವಾರ ಕುಂಡವನ್ನು ಸೈಕಲ್ಲಿಗೆ ಕಟ್ಟಿ ನಾನೇ ಹೋದೆ.
ಗಾದಿಲಿಂಗಪ್ಪ ಎಲೆ ಮಗುಚಿ ನೋಡಿದ,
ಡಾಕ್ಟರು ಕಣ್ಣಿನ ರೆಪ್ಪೆ ಎಳೆದು ನೋಡುವಂತೆ.
"ಬಿಳಿ ಅಂದ್ರೆ ಬಣ್ಣ ಅಲ್ಲಪ್ಪ, ಹಸಿರಿಲ್ಲದ ಜಾಗ.
ಅದು ಅಡಿಗಿ ಮಾಡಲ್ಲ, ಕುಂತು ಉಣ್ಣೋದು.
ಬೆಳಕಿದ್ರೆ ಹೆಂಗೋ ನಡೀತೈತೆ.
ಕತ್ತಲಾಗೆ ಮನಿ ನಡೀಬೇಕಲ್ಲ?
ಎಲ್ಲೋ ಒಂದು ಕಣ್ಣು ಬರೀ ಹಸಿರು ಒಡೀತೈತೆ.
ಅದು ದುಡಿಯೋದು.
ದುಡಿಯೋದು ಮುಂದಕ್ಕೆ ಹೋಗ್ತೈತೆ,
ಪಟ್ಟೆದು ಹಿಂದೆ ಉಳೀತೈತೆ."
ಕತ್ತರಿ ಕೈಗಿಟ್ಟ.
"ಬಿಳಿ ಬೇಕಂದ್ರೆ ಹಸಿರು ಕುಡಿ ಕೊಯ್ಯಿ,
ಕಡೇ ಪಟ್ಟೆ ಎಲೆ ತನಕ. ಬೆಳಕಿಗಿಡು.
ಭಾಳ ಇಡಬ್ಯಾಡ, ಬಿಳಿ ಮೊದಲು ಸುಡ್ತೈತೆ."
ಭಾಳ ಅಂದರೆ ಎಷ್ಟು ಎಂದೆ.
ಅಷ್ಟರಲ್ಲಿ ಕಾರಿನವರು ಗುಲಾಬಿ ಕೇಳಿಕೊಂಡು ಬಂದರು.

ಈಗ ನಮ್ಮ ಮನೆಯಲ್ಲಿ ಗಡಿಯಾರ ನೋಡುವುದು ಗಿಡಕ್ಕಾಗಿ.
ಏಳಕ್ಕೆ ಮಾಳಿಗೆಗೆ, ಎಂಟೂವರೆಗೆ ಒಳಗೆ.
ಹಂಪಮ್ಮ ದಾರದ ಕುಚ್ಚು ಕತ್ತರಿಸುತ್ತಿದ್ದವಳು
ಜೀನ್ಸಿನ ರಾಶಿ ಬದಿಗೊತ್ತಿ ಏಳುತ್ತಾಳೆ.
ಒಂದು ದಿನ ಇಬ್ಬರೂ ಮರೆತೆವು.
ಹನ್ನೆರಡರ ಹೊತ್ತಿಗೆ ಬಿಳಿ ಅಷ್ಟೂ ಕಂದಿ ಹಪ್ಪಳ,
ಅದೇ ಎಲೆಯ ಹಸಿರಿಗೆ ಏನೂ ಆಗಿರಲಿಲ್ಲ.
ಅವಳು ಆ ರಾತ್ರಿ ನನ್ನೊಡನೆ ಮಾತಾಡಲಿಲ್ಲ.
ಮರೆತವಳು ಅವಳೂ ಹೌದು.

ನಡುವೆ ನೋಟೀಸು ಬಂದು
ಯೂನಿಟ್ಟು ಹದಿನೈದು ದಿನ ಮುಚ್ಚಿತ್ತು.
ಕೂತಲ್ಲೇ ಕೈ ನೋಡಿಕೊಂಡೆ:
ಕಂದು ತಿರುಗಿದ ಉಗುರುಗಳ ಬುಡದಲ್ಲಿ
ಅಕ್ಕಿಕಾಳಿನಷ್ಟು
ನನ್ನದೇ ಬಣ್ಣ.
ಅವಳಿಗೆ ತೋರಿಸಬೇಕೆಂದುಕೊಂಡೆ.
ತೋರಿಸಲಿಲ್ಲ. ಸೋಮವಾರ ಯೂನಿಟ್ಟು ತೆರೆಯಿತು.

ಕೊಯ್ದ ಹಸಿರು ಕುಡಿ ಎಸೆಯಲು ಮನಸ್ಸಾಗದೆ
ಕೆಲಸಕ್ಕೆ ಒಯ್ದು
ಉಪ್ಪಿನಕಾಯಿ ಬಾಟಲಿಯಲ್ಲಿ ನೀರಿಗೆ ಬಿಟ್ಟಿದ್ದೆ,
ಮಸಿ ಹಿಡಿದ ಕಿಟಕಿಯಲ್ಲಿ, ಡ್ರೈಯರಿನ ಸದ್ದಿನ ಪಕ್ಕ.
ಯಾರೂ ಗಡಿಯಾರ ನೋಡಲಿಲ್ಲ.
ಬೇರು ಬಿಟ್ಟು ಸರಳು ಹಿಡಿದು
ಮೇಲಿನ ಗಾಜಿನ ತನಕ ಹೋಗಿದೆ.

ನಿನ್ನೆ ಮಾಲೀಕರ ಮಗ ಅದರೆದುರು ನಿಂತು ಕೇಳಿದ:
"ಇದರಾಗೆ ಬಿಳಿ ಪಟ್ಟೆ ಇರೋದು ಸಿಗಲ್ವಾ?"